ಆಷಾಢದಲ್ಲಿ ಬೀಸದ ಗಾಳಿ

ನಳಕ್ಕೆ ನೀರು ಬಂತೆಂಬ ಕೂಗು ಕೇಳಿ ದಾನೇಶ್ವರಿ ಎದ್ದಳು. ಕೊಡ ಹಿಡಿದು ಹೊಸ್ತಿಲು ದಾಟಿದ ಮೇಲೆ ನೆನಪಾಯಿತು, ಗಂಡ ಹೇಮಂತ ಸತ್ತಿದ್ದಾನೆ.

ನಿನ್ನೆಯವರೆಗೆ ಮನೆ ತುಂಬ ಮಂದಿ ಇದ್ದರು. ನೀರು ತರುವವರು, ರೊಟ್ಟಿ ಬಡಿಯುವವರು, ಅವಳ ಪರವಾಗಿ ಅಳುವವರು. ದಿನಕರ್ಮ ಮುಗಿಯಿತು, ಎಲ್ಲರೂ ಸಂಜೆಯ ಬಸ್ಸು ಹಿಡಿದರು. ಇವತ್ತಿನದು ಬೇರೆಲ್ಲ ಮುಂಜಾನೆಗಳಂಥ ಒಂದು ಮುಂಜಾನೆ. ಯರಗುಪ್ಪಿಗೆ ನೀರು ಬಿಡುವ ದಿನ.

ಈ ಓಣಿಯಲ್ಲಿ ನೀರಿನ ಪಾಳಿಯೆಂದರೆ ಪಾಳಿ. ಒಡಹುಟ್ಟಿದ ತಂಗಿಗೂ ಯಾರೂ ಬಿಟ್ಟುಕೊಡುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ದಾನೇಶ್ವರಿ ಅರಿಯದೆ ಕೊಡ ಮುಂದಿಟ್ಟು ಚೆನ್ನಾಗಿ ಬೈಸಿಕೊಂಡಿದ್ದಳು. ಇವತ್ತು ಅವಳನ್ನು ಕಂಡು ಸಾಲು ತಾನಾಗಿ ಸರಿದು ದಾರಿ ಬಿಟ್ಟಿತು.

“ತುಂಬಿಕೊಳ್ಳವಾ ಮೊದಲ,” ಎಂದು ನೆರೆಮನೆಯ ರಾಜಮಾಬಿ ತನ್ನ ಕೊಡ ಎತ್ತಿ ಬಾಜುವಿಗಿಟ್ಟಳು.

“ನಿಮ್ಮ ಪಾಳಿ ಐತಲ್ಲ ಚಾಚಿ.”

“ನಂದೇನು, ಲಗೂನ ತುಂಬಿಕೊಂಡು ಯಾವ ರಾಜ್ಯಾ ಆಳಾಕ ಹೋಗಬೇಕಾಗೇತಿ? ತುಂಬಿಕೋ.”

ಬೇರೆ ದಿನವಾಗಿದ್ದರೆ ನಾಲ್ಕು ಜನ ನಗುತ್ತಿದ್ದರು. ಈಗ ನೀರು ಕೊಡಕ್ಕೆ ಬೀಳುವ ಸದ್ದು ಮಾತ್ರ. ಬೈಗುಳಕ್ಕಿಂತ ಈ ಮರ್ಯಾದೆ ಹೊರುವುದು ಕಷ್ಟ ಅನ್ನಿಸಿತು ಅವಳಿಗೆ. ಕೊಡ ತುಂಬುವವರೆಗೆ ಅದರ ಕಂಠವನ್ನೇ ನೋಡುತ್ತ ನಿಂತಳು.

ತಿರುಗಿ ಹೊರಟಾಗ ಬೆನ್ನಿಗೆ ಮಾತು ತಾಗಿತು.

“ಗಾಳಿ ಐತಿ, ಗಾಳಿ ಐತಿ ಅಂತ ಊರ ಕುಣಿಸಿದಾ. ಗಾಳಿ ಇಲ್ಲಂತ ಕಂಪನಿ ಕಾಗದ ಬಂತು. ಮಾರಿ ತೋರಸಾಕ ಆಗದ ಕಂಬಾ ಏರಿ ಹಾರಿದಾ.”

“ಸುಮ್ಕಿರಬೇ, ಆಕಿಗೆ ಕೇಳತೈತಿ.”

“ಕೇಳಲೇಳ. ಸುಳ್ಳೇನ ಹೇಳೇನೇನು?”

ಸುಳ್ಳೋ ನಿಜವೋ ಎಂಬುದೇ ದಾನೇಶ್ವರಿಗೂ ಬೇಕಾಗಿದ್ದದ್ದು. ಗಂಡ ಬಿದ್ದನೇ, ಹಾರಿದನೇ? ಬಿದ್ದಿದ್ದರೆ ಅತ್ತು ಬಿಡಬಹುದು. ಹಾರಿದ್ದರೆ, ಅದಕ್ಕೆ ಹಿಂದಿನ ರಾತ್ರಿ ಪಕ್ಕದಲ್ಲೇ ಮಲಗಿದ್ದ ತನಗೆ ಏನೂ ತಿಳಿಯಲಿಲ್ಲವಲ್ಲ ಎಂಬ ನಾಚಿಕೆಯೊಂದಿಗೆ ಇಡೀ ಆಯುಷ್ಯ ಬಾಳಬೇಕು.

ಮನೆಗೆ ಬಂದು ಕೊಡ ಇಳಿಸಿದಾಗ ಹೊಟ್ಟೆ ಕಿತ್ತು ತಿನ್ನುವಂತೆ ಹಸಿದಿತ್ತು. ಡಬ್ಬಿಯಿಂದ ಒಂದು ಖಡಕ್ ರೊಟ್ಟಿ ಮುರಿದು, ಶೇಂಗಾ ಹಿಂಡಿ ಹಚ್ಚಿ, ನಿಂತಲ್ಲೇ ಬಾಯಿಗಿಟ್ಟಳು. ಆ ಸದ್ದಿಗೆ ಮನೆಯೆಲ್ಲ ಕಿವಿಯಾದಂತಾಯಿತು. ಸತ್ತವನ ಮನೆಯಲ್ಲಿ ಹೆಂಡತಿ ಕರುಂ ಕರುಂ ಎಂದು ರೊಟ್ಟಿ ತಿನ್ನುತ್ತಿದ್ದಾಳೆ. ಅಗಿಯುವುದನ್ನು ನಿಲ್ಲಿಸಿ, ತುಂಡು ಬಾಯಲ್ಲೇ ಮೆತ್ತಗಾಗುವವರೆಗೆ ಕಾದಳು.

ಅತ್ತೆ ಶಿವಗಂಗವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಕಡದು ತಿನ್ನು,” ಎಂದಳು ಮುದುಕಿ. “ನಾನೂ ನಿನ್ನೆ ಕದ ಹಾಕ್ಕೊಂಡು ತಿಂದೇನಿ.”

ಅಷ್ಟರಲ್ಲಿ ಗೋಡೆಯಾಚೆಯಿಂದ ರಾಜಮಾಬಿ ಕೂಗಿದಳು. “ದಾನವ್ವಾ, ನಿಮ್ಮ ದೊಡ್ಡ ಮಾವನ ಹೊಲಕ್ಕ ಕಂಪನಿ ಗಾಡಿ ಬಂದಾವ ನೋಡು. ಗಾಳಿ ಕಂಬಾ ಕಳಚಾಕ ಹತ್ಯಾರಂತ.”

ದಾನೇಶ್ವರಿ ಕೈ ತೊಳೆದಳು.

“ಹೋಗಬ್ಯಾಡವಾ,” ಅತ್ತೆ ಅಡ್ಡ ಬಂದಳು. “ಮಂದಿ ಏನರ ಅಂದಾರು.”

“ಅನ್ನೂದೇನು ಉಳದೈತ್ರಿ ಅತ್ತಿ, ಎಲ್ಲಾ ನಳದ ಮುಂದ ಅಂದು ಮುಗಿಸ್ಯಾರ.”

*

ನಿನ್ನೆ ಸಂಜೆ ಹನಿ ಬಿದ್ದಿತ್ತು. ಎರೆಮಣ್ಣು ಚಪ್ಪಲಿಗೆ ಅಂಟಿ, ಹೆಜ್ಜೆಗೊಮ್ಮೆ ದಪ್ಪವಾಗಿ, ಕೊನೆಗೆ ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ನಡೆದಳು. ಎರಡೂ ಕಡೆ ಹೆಸರಿನ ಬೆಳೆ ಬಳ್ಳಿ ಬಿಟ್ಟಿತ್ತು. ಪಡುವಣದಿಂದ ಬೀಸುವ ಗಾಳಿ ಸೆರಗನ್ನು ಎಳೆದೆಳೆದು ಕೆನ್ನೆಗೆ ಬಡಿಯುತ್ತಿತ್ತು.

ಇಂಥ ಊರಲ್ಲಿ ಗಾಳಿ ಇಲ್ಲವಂತೆ.

ಕಂಬ ದೂರದಿಂದಲೇ ಕಾಣುತ್ತಿತ್ತು. ಮೂರು ಮೂಲೆಯ ಕಬ್ಬಿಣದ ಏಣಿಯಂಥ ತೆಳ್ಳಗಿನ ಗೋಪುರ, ಮೂರೂ ಕಡೆ ತಂತಿಯಿಂದ ಬಿಗಿದದ್ದು. ಅದರ ತುದಿಯ ತೋಳಿನ ಮೇಲೆ ಮೂರು ಸಣ್ಣ ಬಟ್ಟಲುಗಳು ಗಾಳಿಗೆ ಗಿರಗಿರ ತಿರುಗಬೇಕು. ಎಷ್ಟು ಜೋರಾಗಿ ತಿರುಗಿದವು ಎಂಬುದರ ಮೇಲೆ, ಇಲ್ಲಿ ಕರೆಂಟು ಹುಟ್ಟಿಸುವ ದೊಡ್ಡ ಫ್ಯಾನುಗಳು ನಿಲ್ಲುತ್ತವೆಯೋ ಇಲ್ಲವೋ ಎಂಬ ತೀರ್ಮಾನ. ಹೇಮಂತ ಈ ಕಂಬವನ್ನು ನೋಡಿಕೊಳ್ಳುತ್ತಿದ್ದ. ಊರಿನವರಿಗೆ ಫ್ಯಾನಿನ ಕನಸು ಹಂಚಿದವನೂ ಅವನೇ. ಕಂಬದ ಹೊಲದಲ್ಲಿ ಎಂದಿನಂತೆ ಕಡಲೆ ಬಿತ್ತಬಹುದು, ಊರಿಗೆ ಹೊಸ ಲೈನು ಬರುತ್ತದೆ, ಫ್ಯಾನು ನೋಡಿಕೊಳ್ಳುವ ಕೆಲಸಕ್ಕೆ ಇಲ್ಲಿಯ ಹುಡುಗ ಹುಡುಗಿಯರೇ ಬೇಕು ಎಂದು ಮನೆಮನೆಗೆ ಹೇಳಿ ಬಂದಿದ್ದ.

ಕಂಬದ ಬುಡದಲ್ಲಿ ಕಂಪನಿಯ ಎಂಜಿನಿಯರ್ ವಿಜಯೀಂದ್ರ ನಿಂತಿದ್ದ. ಧಾರವಾಡದವನು, ಮೆಲುಮಾತಿನವನು. ಕೆಲಸಗಾರರು ತುದಿಗೆ ಏರಿ ಬೋಲ್ಟು ಬಿಚ್ಚುತ್ತಿದ್ದರು. ಹೇಮಂತನ ದೊಡ್ಡಪ್ಪ ಈರಪ್ಪ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಮಣ್ಣಿನ ಹೆಂಟೆಯೊಂದನ್ನು ಪುಡಿ ಮಾಡುತ್ತಿದ್ದ.

“ಮೇಡಂ, ನೀವು ಬರಬಾರದಿತ್ರಿ,” ವಿಜಯೀಂದ್ರ ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದ.

“ಇಷ್ಟ ಲಗೂನ ಕಳಚಾಕ ಹತ್ತೀರಿ.”

“ಬ್ಯಾರೆ ಕಡೆ ನಿಲ್ಲಸಬೇಕಾಗ್ಯದರಿ. ನವಲಗುಂದದ ಆಕಡೆ.”

“ಅಲ್ಲಿ ಗಾಳಿ ಐತೇನ್ರಿ?”

“ಅಳೀಬೇಕು.” ಅವನು ತನಗೆ ತಿಳಿದ ವಿಷಯದ ಆಸರೆ ಹಿಡಿದ. “ಮೊದಲಿನ ಫ್ಯಾನುಗಳಿಗೆ ಗುಡ್ಡ ಬೇಕಾಗ್ತಿತ್ತುರಿ. ಅದಕ್ಕ ಗದಗ ಕಡೆ ಗುಡ್ಡದ ಮ್ಯಾಲ ನಿಲ್ಲಿಸಿದ್ರು. ಅವೆಲ್ಲಾ ಈಗ ಮುದುಕಾದವು, ಇಳಿಸಿ ಹೊಸಾವು ಹಾಕೂ ಕಾಲ. ಹೊಸಾವು ಎತ್ತರ, ರೆಕ್ಕಿ ಉದ್ದ. ಬಯಲಿನ ಗಾಳಿನೂ ಸಾಕು ಅವಕ್ಕ. ಬಿಸಲಿನ ಕರೆಂಟು ಸಂಜಿಗೆ ನಿಂತು ಹೋಗ್ತದ, ಮಳಿಗಾಲದಾಗ ಸಿಗೂದ ಇಲ್ಲ. ಆವಾಗ ಗಾಳಿನ ಗತಿ. ಮುಂದಿನ ದಿನಮಾನ ಇಂಥಾ ಬಯಲಿಂದ ಅದ, ಮೇಡಂ. ನಾ ನಂಬೀನಿ ಅದನ್ನ.”

“ಯರಗುಪ್ಪಿ ಬಿಟ್ಟು.”

“ಆಷಾಢದ ಗಾಳಿ ಮ್ಯಾಲ ಎಲ್ಲಾ ಲೆಕ್ಕಾ ನಿಂತದರಿ. ನಿಮ್ಮಲ್ಲಿ ಆಷಾಢದಾಗನ ಬಟ್ಟಲ ತಿರುಗಿಲ್ಲ.”

“ಆಷಾಢದಾಗ ನಮ್ಮೂರಾಗ ಹೆಗಲ ಮ್ಯಾಲಿನ ಟವಲ್ ನಿಲ್ಲಂಗಿಲ್ಲ.”

“ಟವಲ್ ನೋಡಿ ಯಾರೂ ಫ್ಯಾನು ನಿಲ್ಲಸೂದಿಲ್ರಿ. ಯಂತ್ರ ಸುಳ್ಳು ಹೇಳೂದಿಲ್ಲ.”

ದಾನೇಶ್ವರಿ ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಎಂ.ಎಸ್ಸಿ. ಮಾಡಿದವಳು. ಕುಂದಗೋಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಮಕ್ಕಳಿಗೆ ಅವಳೂ ಹೇಳುತ್ತಾಳೆ.

ಉತ್ತರ ಮೇಲಿನಿಂದ ಇಳಿಯಿತು.

ಕೆಲಸಗಾರರು ತುದಿಯ ತೋಳನ್ನು ಬಟ್ಟಲುಗಳ ಸಮೇತ ಬಿಚ್ಚಿ, ಹಗ್ಗ ಕಟ್ಟಿ, ರಾಟೆಯಿಂದ ಮೆಲ್ಲಗೆ ಬಿಟ್ಟರು. ಇಳಿಯುತ್ತ ಇಳಿಯುತ್ತ ಅದಕ್ಕೆ ಏನೋ ಸುತ್ತಿಕೊಂಡಿರುವುದು ಕಂಡಿತು. ಕೆಳಗಿನಿಂದ ನೋಡುವವರಿಗೆ ಅದು ಇಷ್ಟು ದಿನ ಹದ್ದಿನ ಗೂಡಿನ ಹಾಗೆ ಕಂಡಿತ್ತು.

ತೋಳು ನೆಲ ಮುಟ್ಟಿತು.

ಕಂಬಳಿ. ಕರಿ ಕಂಬಳಿಯ ತುಂಡು. ಅದಕ್ಕೆ ಪೋಣಿಸಿದ ಕೇರುಬೀಜದ ಸರ, ನಡುವೆ ಒಣಗಿ ಕಲ್ಲಾದ ಒಂದು ಲಿಂಬೆಹಣ್ಣು.

ಹಗ್ಗ ಹಿಡಿದಿದ್ದ ಕೆಲಸಗಾರ ನಕ್ಕುಬಿಟ್ಟ. “ಗಾಳಿಗೂ ದೃಷ್ಟಿ ತಗದಾರಲೇ.” ಸುತ್ತ ಯಾರೂ ನಗದಿರುವುದು ಕಂಡು ನಗೆಯನ್ನು ಕೆಮ್ಮಾಗಿಸಿದ.

ಈರಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವವನಂತೆ ಮುಖ ಮುಚ್ಚಿಕೊಂಡ.

ದಾನೇಶ್ವರಿ ಕೆಸರಿನಲ್ಲಿ ಮೊಣಕಾಲೂರಿದಳು. ಕಟ್ಟಿದಾಗ ಅದು ಮುಷ್ಟಿಯಷ್ಟು ಗಂಟಾಗಿತ್ತು. ಮಳೆ ಗಾಳಿಗೆ ಬಿಚ್ಚಿಕೊಂಡು, ತೋಳಿನುದ್ದಕ್ಕೂ ಹರಡಿ, ಬಟ್ಟಲುಗಳ ಪಡುವಣ ಬಾಜುವಿಗೆ ಪರದೆಯ ಹಾಗೆ ನಿಂತಿತ್ತು. ಮೂಡಣ ಗಾಳಿ ಬಂದಾಗ ಬಟ್ಟಲುಗಳಿಗೆ ಏನೂ ಅಡ್ಡಿಯಿಲ್ಲ, ಅವು ತಿರುಗಿವೆ. ಆಷಾಢದ ಗಾಳಿ ಪಡುವಣದ್ದು. ಅದು ಬಂದು ಬಡಿದದ್ದು ಕಂಬಳಿಗೆ. ಬಟ್ಟಲುಗಳು ಮರೆಯಲ್ಲಿ ಸುಮ್ಮನೆ ಕೂತಿದ್ದವು.

ಯಂತ್ರ ಸುಳ್ಳು ಹೇಳಿರಲಿಲ್ಲ. ಊರೇ ಅದರ ಕಣ್ಣಿಗೆ ಬಟ್ಟೆ ಕಟ್ಟಿತ್ತು.

“ಯಾರು ಕಟ್ಟಿದ್ರಿ ಇದನ್ನ?” ವಿಜಯೀಂದ್ರನ ದನಿ ಒಡೆದಿತ್ತು.

“ನಾನ ಕಟ್ಟಿಸಿದೆ,” ಈರಪ್ಪ ಟವೆಲ್ಲಿನೊಳಗಿಂದಲೇ ಹೇಳಿದ. “ಕಂಬಾ ನಿಲ್ಲಿಸಿದ ದಿನ. ಸುತ್ತ ಹತ್ತು ಹಳ್ಳಿ ಮಂದಿ ಬಂದು ಬಾಯಿ ತಕ್ಕೊಂಡು ನೋಡಿ ಹೋದ್ರು. ಕಣ್ಣು ಬೀಳಬಾರದಂತ... ಹೊಸಾ ಮನಿಗೆ ಕಟ್ಟಂಗಿಲ್ಲೇನ್ರಿ? ಹೊಸಾ ಟ್ರ್ಯಾಕ್ಟರಿಗೆ ಕಟ್ಟಂಗಿಲ್ಲೇನು?”

“ಮನಿ ಗಾಳಿ ಅಳಿಯೂದಿಲ್ರಿ.”

“ನಮಗೇನ ಗೊತ್ರೀ ಸಾಹೇಬ್ರ. ನಾವು ಓದಿದಾವ್ರಲ್ಲ.”

ಆ ಮಾತು ದಾನೇಶ್ವರಿಗೆ ಹೇಳಿದ್ದಲ್ಲ. ತಾಗಿದ್ದು ಮಾತ್ರ ಅವಳಿಗೇ. ಅವತ್ತು ಅವಳೂ ಇಲ್ಲೇ ಇದ್ದಳು. ಹೊಸ ಸೀರೆ ಉಟ್ಟು, ಕಂಬಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದಿದ್ದಳು. ದೊಡ್ಡ ಮಾವ ಕಂಬಳಿ ಕೇಳಿದಾಗ ಮನೆಗೆ ಹೋಗಿ, ಅತ್ತೆಯ ಹಳೆಯ ಕಂಬಳಿಯ ಅಂಚನ್ನು ತನ್ನ ಕತ್ತರಿಯಿಂದಲೇ ಕತ್ತರಿಸಿ ತಂದುಕೊಟ್ಟವಳು ಅವಳು. ಕೆಲಸಗಾರನೊಬ್ಬ ಅದನ್ನು ಹಲ್ಲಲ್ಲಿ ಕಚ್ಚಿಕೊಂಡು ಏರುವಾಗ ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದ್ದಳು. ಗಾಳಿಯ ಮುಂದೆ ಬಟ್ಟೆ ಹಿಡಿದರೆ ಏನಾಗುತ್ತದೆ ಎಂಬುದನ್ನು ಎಂಟನೆಯ ಇಯತ್ತೆಯ ಮಕ್ಕಳಿಗೆ ಕಲಿಸುವವಳು.

ಅಂಚಿನ ಹೊಲಿಗೆ ಈಗಲೂ ಗುರುತು ಸಿಗುತ್ತಿತ್ತು. ಕಂಪನಿಯವನಿಗೆ ಅದನ್ನು ಹೇಳಬೇಕೆಂದು ಬಾಯಿ ತೆರೆದಳು. ಹೇಳಲಾಗಲಿಲ್ಲ.

ಆಗ ಕಣ್ಣು ದಾರದ ಮೇಲೆ ಬಿತ್ತು.

ಕಂಬಳಿಯನ್ನು ತೋಳಿಗೆ ಬಿಗಿದಿದ್ದದ್ದು ಉಣ್ಣೆಯದೇ ದಪ್ಪ ಹುರಿ, ಮೂರು ಕಡೆ. ಒಂದು ಗಂಟು ಗಟ್ಟಿಯಾಗಿಯೇ ಇತ್ತು. ಉಳಿದ ಎರಡು ಹುರಿ ತುಂಡಾಗಿ ಜೋತಾಡುತ್ತಿದ್ದವು. ಹರಿದ ಹುರಿಯ ತುದಿ ಎಳೆ ಎಳೆಯಾಗಿ ಕೆದರುತ್ತದೆ. ಇವು ಸವರಿದ ಹಾಗೆ ನೇರವಾಗಿದ್ದವು. ಬಿಸಿಲಿಗೆ ಹುರಿಯ ಹೊರಮೈ ಕಂದಾಗಿತ್ತು, ಕೊಯ್ದ ಮುಖ ಮಾತ್ರ ಇನ್ನೂ ಕಪ್ಪು.

“ಇದನ್ನ ಇವತ್ತ ಕೊಯ್ದೀರೇನು?” ಮೇಲಿನಿಂದ ಇಳಿದ ಕೆಲಸಗಾರನನ್ನು ಕೇಳಿದಳು.

“ಇಲ್ಲಕ್ಕಾರ. ನಾವು ಬೋಲ್ಟ್ ಅಷ್ಟ ಬಿಚ್ಚೀವಿ. ಅದನ್ನ ಮುಟ್ಟಾಕ ಅಂಜಿಕಿ ಬಂತು.”

ದಾನೇಶ್ವರಿ ಎದ್ದು ನಿಂತಳು. ಸೀರೆಯ ಮೊಣಕಾಲಿನಲ್ಲಿ ಎರಡು ಕರಿಯ ಮುದ್ರೆ.

“ನಮ್ಮನಿಯವ್ರು ತುದಿಮಟ ಏರ್ಯಾರ,” ಎಂದಳು. “ಅವರಿಗೆ ಗೊತ್ತಾಗಿತ್ತು. ಇದನ್ನ ಇಳಸಾಕ ಹೋಗ್ಯಾರ. ಎರಡು ಹುರಿ ಕೊಯ್ದಾರ, ಒಂದು ಉಳದೈತಿ. ಸಾಯಾಕ ಏರಿದಾಂವ ಗಂಟು ಕೊಯ್ಕೋತ ಕೂಡಂಗಿಲ್ಲ.”

ವಿಜಯೀಂದ್ರ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ.

“ಸೇಫ್ಟಿ ಬೆಲ್ಟ್ ಕಟಗೊಂಡಿದ್ದಿಲ್ಲಲ್ರಿ ಅವ್ರು,” ಕೊನೆಗೆ ಮೆಲ್ಲಗೆ ಅಂದ. “ಅದು ಅವ್ರ ಗಾಡಿ ಮ್ಯಾಲನ ಇತ್ತು. ಠಾಣೆಯವ್ರು ನೋಡ್ಯಾರ, ಊರೆಲ್ಲಾ ನೋಡೇದ. ನಿಮಗ ಹೇಳಾಕ ನನಗ ಮನಸ್ಸಿಲ್ಲ ಮೇಡಂ. ಆದ್ರ ತಿರುಗಿ ಇಳಿಯೂ ವಿಚಾರ ಇದ್ದಾಂವ ಬೆಲ್ಟ್ ಬಿಟ್ಟು ಏರೂದಿಲ್ಲ. ಹೇಮಂತ ಅಂತೂ ಏರೂದಿಲ್ಲ. ನನಗ ಬೈತಿದ್ದ, ಕೆಳಗ ಹೆಲ್ಮೆಟ್ ಇಲ್ದ ನಿಂತ್ರ.”

ಅವಳ ಕೈಯಲ್ಲಿದ್ದ ಹುರಿ ಸಡಿಲವಾಯಿತು. ಅದು ನಿಜ. ಮನೆಯ ಮಾಳಿಗೆ ಏರುವಾಗಲೂ ಏಣಿ ಹಿಡಿದುಕೋ ಎಂದು ಕೂಗುವ ಮನುಷ್ಯ ಅವನು.

“ವರ್ಷಕ್ಕೊಮ್ಮೆ ಕಂಪನಿ ಕಡೆಯಿಂದ ಯಾರರ ತುದಿಗೆ ಏರಿ ಬಟ್ಟಲ ನೋಡಬೇಕಲ್ರಿ?” ಎಂದು ಕೇಳಿದಳು.

“ಹೌದ್ರಿ.”

“ಯಾರು?”

ವಿಜಯೀಂದ್ರ ಕೆಲಸಗಾರನ ಕಡೆ ತಿರುಗಿ, “ಅದನ್ನ ಗಾಡಿಗೆ ಹಾಕು,” ಎಂದ.

“ಹಾಕಬ್ಯಾಡ.” ಈರಪ್ಪ ಎದ್ದಿದ್ದ. ಮುಖದ ಮೇಲಿನ ಟವೆಲ್ಲು ಈಗ ಹೆಗಲಿಗೆ ಬಂದಿತ್ತು. “ಕಂಬಳಿ ನಮ್ಮನಿದು. ಮಾನಾ ಹೋದ್ರ ನಮ್ದ ಹೋಗತೈತಿ. ಅದು ಇಲ್ಲೇ ಇರ್ಲಿ.”

“ಈರಪ್ಪಾರ, ಇದು ಕಂಪನಿ ಸಾಮಾನು.”

“ತೋಳು ತಗೊಂಡ ಹೋಗ್ರಿ. ಕಂಬಳಿ ಬಿಡ್ರಿ.”

“ಹಂಗ ಬಿಚ್ಚಿಬಿಟ್ರ ಆತ?” ದಾನೇಶ್ವರಿ ನಡುವೆ ಬಂದಳು. “ದೊಡ್ಡ ಮಾವಾರ, ಬಿಚ್ಚಿದ್ರ ಮುಗೀತು. ಯರಗುಪ್ಪಿಯೊಳಗ ಗಾಳಿ ಇಲ್ಲಂತ ಬರದದ್ದು ಹಂಗ ಉಳೀತೈತಿ, ಇವರು ಹಾರಿದ್ರು ಅನ್ನೂದೂ ಉಳೀತೈತಿ. ಕೂಡೇ ಇರ್ಲಿ. ಹೆಂಗ ಐತಿ ಹಂಗ. ಊರು ನೋಡ್ಲಿ.”

“ಊರು ನಗತೈತಿ ಯವ್ವಾ. ಹತ್ತು ಹಳ್ಳಿ ನಗತಾವ. ಲಿಂಬಿಹಣ್ಣು ಕಟ್ಟಿ ಕರೆಂಟು ಓಡಿಸಿದ ಊರಂತಾರ.”

“ಅನ್ಲಿ. ಕತ್ತರಿಸಿ ಕೊಟ್ಟಾಕಿ ನಾನ ಅಂತ ನಾನೂ ಹೇಳ್ತೇನಿ.”

ಹೇಳಿಯಾಯಿತು. ವಿಜಯೀಂದ್ರ ಅವಳನ್ನು ನೋಡಿ ತಟ್ಟನೆ ಕಣ್ಣು ತೆಗೆದ. ಬಟ್ಟೆ ಬದಲಿಸುವವರನ್ನು ಅರಿಯದೆ ಕಂಡಾಗ ತಿರುಗಿಕೊಳ್ಳುವ ಹಾಗೆ.

ಅವಳು ಬಿಡಲಿಲ್ಲ. “ಅವತ್ತ ಮುಂಜಾನೆ ಇಲ್ಲಿಗೆ ಮೊದಲ ಯಾರು ಬಂದ್ರಿ?”

“ನಾ ಬರೂದ್ರಾಗ ಸಾಹೇಬ್ರು ಇಲ್ಲೇ ಇದ್ರು,” ಎಂದ ಈರಪ್ಪ.

ವಿಜಯೀಂದ್ರ ತಲೆ ಎತ್ತಿದ. “ಏನಂತೀರಿ ಈರಪ್ಪಾರ? ನಿಮ್ಮ ಫೋನ್ ಬಂತು ಅಂತ ನಾ ಹುಬ್ಬಳ್ಳಿಯಿಂದ ಓಡಿ ಬಂದೆ. ನೀವ ಅಲ್ಲೆ ಅವನ ತಲಿ ಹಿಡಕೊಂಡು ಕೂತಿದ್ರಿ.”

“ನಾ ನಿಮಗ ಫೋನ್ ಮಾಡಿಲ್ಲ.”

“ಮಾಡೀರಿ.”

“ನನ್ನ ಕಡೆ ನಿಮ್ಮ ನಂಬರ್ ಐತೇನ್ರಿ? ಕೇಳ್ರಿ ಬೇಕಾದ್ರ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ಇಬ್ಬರ ಕಣ್ಣೂ ಕಂಬದ ಬುಡದಲ್ಲಿ, ಹೇಮಂತ ಬಿದ್ದಲ್ಲಿ ಇನ್ನೂ ತಗ್ಗಾಗಿಯೇ ಉಳಿದ ಮಣ್ಣಿನ ಕಡೆಗಿದ್ದವು. ನಾಚಿಕೆಗೂ ಸುಳ್ಳಿಗೂ ಮನುಷ್ಯರು ತಗ್ಗಿಸುವ ತಲೆ ಒಂದೇ ಥರ ಕಾಣುತ್ತದೆ. ಯಾರದು ಯಾವುದೆಂದು ದಾನೇಶ್ವರಿಗೆ ತಿಳಿಯಲಿಲ್ಲ.

ಕೊನೆಗೆ ಈರಪ್ಪ ಹೊಲದ ಮೋಟರ್ ಮನೆಗೆ ಹೋಗಿ, ಗೋಣಿಚೀಲದಲ್ಲಿ ಸುತ್ತಿದ್ದ ಒಂದು ಗಂಟು ತಂದು ಅವಳ ಮುಂದೆ ಹಿಡಿದ.

“ಇದ ಆ ಬೆಲ್ಟು. ಠಾಣೆಯವ್ರು ಗಾಡಿ ಕೂಡ ಕೊಟ್ಟು ಹೋದ್ರು. ಕುಂದಗೋಳದ ಅಬ್ದುಲ್‌ಸಾಬನ ಕಡೆಯಿಂದ ಇಸಗೊಂಡು ಬಂದಿದ್ದನಂತ. ತಿರುಗಿ ಕೊಟ್ಟು ಬಾರವಾ. ಸತ್ತಾಂವ ಇಸಗೊಂಡದ್ದು ಮನ್ಯಾಗ ಉಳೀಬಾರದು.”

*

ಕುಂದಗೋಳದ ಸ್ಟ್ಯಾಂಡಿನಲ್ಲಿ ಇಳಿದಾಗ ಶಾಲೆಯ ಮಕ್ಕಳಿಬ್ಬರು ದೂರದಿಂದ ನಮಸ್ಕಾರ ಮಾಡಿ, ಹತ್ತಿರ ಬರದೆ ಓಡಿದರು. ದಾನೇಶ್ವರಿ ಗೋಣಿಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

ಅಬ್ದುಲ್‌ಸಾಬ ಮೊಬೈಲ್ ಟವರುಗಳಿಗೆ, ಗುಡಿಯ ಶಿಖರಗಳಿಗೆ ಬಣ್ಣ ಹೊಡೆಯುವವನು. ಎತ್ತರದ ಕೆಲಸ ಯಾವುದೇ ಇರಲಿ, ಸುತ್ತಿನ ಹಳ್ಳಿಗಳು ಅವನನ್ನೇ ಕರೆಯುತ್ತವೆ. ಮನೆಯ ಕಟ್ಟೆಯ ಮೇಲೆ ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತ ಕೂತಿದ್ದವನು, ಅವಳನ್ನು ಕಂಡು ಎದ್ದು ನಿಂತ. ಎಣ್ಣೆಗೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಇಟ್ಟುಕೊಂಡ.

“ಬರ್ರಿ ಟೀಚರ್. ಮಣ್ಣಿಗೆ ನಾ ಬರಲಿಲ್ರಿ. ತಪ್ಪು ತಿಳಕೋಬ್ಯಾಡ್ರಿ.”

“ಇರ್ಲಿರಿ.”

“ಇಲ್ಲ, ಕೇಳ್ರಿ. ಸುದ್ದಿ ಬಂದಾಗ ನನ್ನ ಎದಿ ಧಸಕ್ ಅಂತು. ನನ್ನ ಬೆಲ್ಟ್ ಹರೀತೇನೋ, ನನ್ನ ಕೊಂಡಿ ಬಿಚ್ಚಿತೇನೋ ಅಂತ. ಆಮ್ಯಾಲ ಬೆಲ್ಟು ಗಾಡಿ ಮ್ಯಾಲನ ಇತ್ತಂತ, ಹಾಕ್ಕೊಂಡಿದ್ದ ಇಲ್ಲಂತ ಅಂದ್ರು. ಅಷ್ಟು ಕೇಳಿ ನನಗ ಸಮಾಧಾನ ಆತು. ಮನುಷ್ಯಾ ಸತ್ತಾನ, ನನಗ ಸಮಾಧಾನ. ಆ ನಾಚಿಕಿಗೆ ನಿಮ್ಮ ಮನಿ ಮಟ ಕಾಲು ಬರಲಿಲ್ಲ.”

ದಾನೇಶ್ವರಿಗೆ ಬೆಳಗಿನ ರೊಟ್ಟಿಯ ಸದ್ದು ಕಿವಿಯಲ್ಲಿ ಬಂದು ಹೋಯಿತು. ಈ ಮನುಷ್ಯನ ಮುಂದೆ ಮಾತ್ರ ಕೂತುಕೊಳ್ಳಬಹುದು ಅನ್ನಿಸಿತು. ಕಟ್ಟೆಯ ಮೇಲೆ ಕೂತಳು. ಗೋಣಿಚೀಲ ಬಿಚ್ಚಿ ಬೆಲ್ಟನ್ನು ಅವನ ಮುಂದಿಟ್ಟಳು.

“ನಿಮ್ಮದು. ತಿರುಗಿ ಕೊಟ್ಟು ಹೋಗೂಣಂತ ಬಂದೆ.”

ಅಬ್ದುಲ್‌ಸಾಬ ಕೈ ಒರೆಸಿಕೊಂಡು ಎತ್ತಿಕೊಂಡ. ಅಭ್ಯಾಸಬಲದಿಂದ ಹೆಗಲಿನ ಪಟ್ಟಿ, ತೊಡೆಯ ಪಟ್ಟಿ ಜಗ್ಗಿ ನೋಡಿದ, ಕೊಂಡಿ ಒತ್ತಿ ನೋಡಿದ. ಆಮೇಲೆ ಅದನ್ನು ಎದೆಗೆ ಹಿಡಿದು ಅಳೆದ. ಅವನ ಹುಬ್ಬು ಗಂಟಿಕ್ಕಿತು.

“ಗಾಡಿ ಮ್ಯಾಲ ಸಿಕ್ಕದ್ದು ಇದ ಏನ್ರಿ?”

“ಇದ. ಯಾಕ?”

“ಇದು ಸಣ್ಣದ್ರಿ.”

“ಅಂದ್ರ?”

“ನನ್ನ ಮಗಳು ಶಗುಫ್ತಾನ್ನ ಕೆಲಸಕ್ಕ ಕರಕೊಂಡು ಹೋಗ್ತೇನಲ್ರಿ, ಆಕಿ ಸಲುವಾಗಿ ತಂದದ್ದು. ಸಣ್ಣ ಮೈಯವ್ರಿಗೆ. ಹೇಮಂತಪ್ಪನ ಎದ್ಯಾಗ ಇದು ಕೂಡಂಗಿಲ್ಲ.” ಅವನು ಬಾಗಿಲಿನ ಹಿಂದಿನ ಗೂಟದ ಕಡೆ ಕೈ ತೋರಿಸಿದ. ಗೂಟ ಖಾಲಿಯಿತ್ತು. “ದೊಡ್ಡದು ಅಲ್ಲೆ ಇರತಿತ್ತು. ಎರಡೂ ಒಯ್ದಿದ್ದ.”

“ಎರಡು?”

“ನಾ ಚಾಷ್ಟಿ ಮಾಡಿದ್ನಿ. ಎರಡ್ಯಾಕಪಾ, ಒಂದು ಮೈಗೆ ಎರಡು ಕಟಗೋತೀ ಏನು ಅಂತ. ಇಲ್ಲ ಸಾಬ, ಸಣ್ಣದು ನಮ್ಮಾಕಿಗೆ ಅಂದ. ಹೆಣ್ಣಮಗಳನ್ನ ತುದಿಗೆ ಏರಸ್ತೀ ಏನೋ ಅಂದೆ. ತುದಿಗಲ್ಲ, ನಾಕು ಮೆಟ್ಟಲ ಏರಿ ಫೋಟೋ ತಗದ್ರ ಸಾಕು, ಕಂಪನಿಯವ್ರು ನನ್ನ ಮಾತು ನಂಬಂಗಿಲ್ಲ, ಆಕಿ ಎಂ.ಎಸ್ಸಿ. ಓದ್ಯಾಳ, ಆಕಿ ನೋಡೇನಿ ಅಂದ್ರ ಮಂದಿ ಕೇಳ್ತಾರ ಅಂದ.”

ದಾನೇಶ್ವರಿಗೆ ನೆನಪಾಯಿತು. ಅವತ್ತು ಮುಂಜಾನೆ ಹೇಮಂತ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದ, ಇವತ್ತ ಶಾಲಿಗೆ ರಜಾ ಹಾಕ್ತೀ ಏನು ಎಂದು. ಅವಳು ಒಲೆಯ ಮೇಲಿನ ಹಾಲು ನೋಡುತ್ತ, ಯಾಕ ಎಂದು ಕೂಡ ಕೇಳದೆ, ಆಗಂಗಿಲ್ಲ ಅಂದಿದ್ದಳು. ಅವನು ಸ್ವಲ್ಪ ಹೊತ್ತು ನಿಂತಿದ್ದು ಹೋಗಿದ್ದ. ಅವಳಿಗಾಗಿ ತಂದ ಬೆಲ್ಟು ಗಾಡಿಯ ಮೇಲೆಯೇ ಉಳಿದಿತ್ತು. ಅದನ್ನೇ ಊರು ನೋಡಿತು. ಅದನ್ನೇ ಠಾಣೆಯವರು ಬರೆದುಕೊಂಡರು.

“ಟೀಚರ್,” ಅಬ್ದುಲ್‌ಸಾಬನ ದನಿ ತಗ್ಗಿತ್ತು. “ದೊಡ್ಡದು ಎಲ್ಲಿ ಐತ್ರಿ?”

“ಅದು ಸಿಕ್ಕಿಲ್ಲ.”

“ಮನ್ಯಾಗ?”

“ಇಲ್ಲ.”

“ಮೈಮ್ಯಾಲ?”

“ಮೈಮ್ಯಾಲ ಅಂಗಿ ಅಷ್ಟ ಇತ್ತು. ನಾನ ತೊಳದೇನಿ ಅವರನ್ನ.” ಹೆಗಲಿನ ಮೇಲೆ, ತೊಡೆಯ ಸುತ್ತ ನೀಲಿಗಟ್ಟಿದ್ದ, ಬೆಲ್ಟಿನ ಪಟ್ಟಿಯಷ್ಟೇ ಅಗಲವಾದ ಪಟ್ಟೆಗಳು ಅವಳ ಕಣ್ಣ ಮುಂದೆ ಬಂದವು. ಬಿದ್ದ ಪೆಟ್ಟು ಎಂದಿದ್ದರು ಎಲ್ಲರೂ. ಅವಳೂ ಹಾಗೆಯೇ ಅಂದುಕೊಂಡು ಅವುಗಳ ಮೇಲೆ ನೀರು ಹಾಕಿದ್ದಳು.

ಅಬ್ದುಲ್‌ಸಾಬ ಕೂತಲ್ಲೇ ಅವಳ ಮುಖ ನೋಡಿದ, ಆಮೇಲೆ ಅವಳು ನೋಡುತ್ತಿದ್ದ ಖಾಲಿ ಗೂಟವನ್ನು ನೋಡಿದ.

“ಸತ್ತ ಮನುಷ್ಯಾ ತಾನ ಬಿಚ್ಚಿ ಇಡಂಗಿಲ್ರಿ,” ಎಂದ.

ಒಳಗಿನಿಂದ ಶಗುಫ್ತಾ ಚಹಾ ತಂದಳು. ತೆಳ್ಳಗಿನ ಹುಡುಗಿ, ಹೆಚ್ಚುಕಡಿಮೆ ದಾನೇಶ್ವರಿಯಷ್ಟೇ ಮೈ. ದಾನೇಶ್ವರಿ ಬೆಲ್ಟನ್ನು ಮಡಚಿ ಆ ಹುಡುಗಿಯ ಕೈಗೆ ಕೊಟ್ಟಳು. ಕೊಡುವಾಗ ಅದರ ಪಟ್ಟಿ ಒಂದು ಗಳಿಗೆ ಅವಳ ಬೆರಳಲ್ಲೇ ನಿಂತಿತು.

“ಇದು ಮುಟ್ಟಿತು ನೋಡ್ರಿ ಸಾಬರ,” ಎಂದು ಎದ್ದಳು. “ಇನ್ನೊಂದು ಈರಪ್ಪ ಮಾವನ ಕಡೆ ಐತೋ, ಎಂಜಿನಿಯರ್ ಸಾಹೇಬ್ರ ಕಡೆ ಐತೋ ನನಗ ಗೊತ್ತಿಲ್ಲ. ನಮ್ಮನಿಯವ್ರ ಮೈಮ್ಯಾಲಿಂದ ಯಾರು ಬಿಚ್ಚಿಕೊಂಡು ಹೋಗ್ಯಾರ, ಅವರ ಕಡೆಯಿಂದ ಇಸಗೊಂಡು ಬಂದು ಆ ಗೂಟಕ್ಕ ಹಾಕ್ತೇನಿ.”